ತಮ್ಮಾ, ಆ ಡ್ರಮ್ಮನ್ನು ಗುಜರಿಗೆ ಹಾಕಬೇಡ

ನಮ್ಮ ಭೀಮಾ ದಂಡೆಯ ದೇವಣಗಾಂವದಿಂದ ಪುಣೆ, ಮುಂಬೈ, ಬೆಂಗಳೂರು ಅಂತ ದುಡಿಯಲು ಹೋದ ಹುಡುಗರಲ್ಲಿ ಈಗ ಹೌಸ್‌ಕೀಪಿಂಗ್ ಕೆಲಸ ಹಿಡಿದವರೂ ಇದ್ದಾರೆ. ಮಾಲ್, ಆಸ್ಪತ್ರೆ, ಐಟಿ ಕಂಪನಿಗಳಲ್ಲಿ ರಾತ್ರಿ ಪಾಳಿ. ಘತ್ತರಗಿ ಭಾಗ್ಯವಂತಿಯ ದರ್ಶನಕ್ಕೆಂದು ಊರಿಗೆ ಬಂದಾಗ ಅವರಲ್ಲೊಬ್ಬ ನನ್ನ ಮೋಟಾರ್ ವೈಂಡಿಂಗ್ ಅಂಗಡಿಯ ಕಟ್ಟೆ ಮೇಲೆ ಕೂತು, 'ಕಾಕಾ, ಕಂಪನಿಯವರು ಬಿಸಾಕುವ ಹಳೇ ವ್ಯಾಕ್ಯೂಮ್ ಕ್ಲೀನರ್‌ಗಳನ್ನು ಕೂಡಿಡಬೇಕು ಅನ್ನಿಸ್ತದ, ಮಂದಿ ಹುಚ್ಚು ಅಂತಾರ' ಅಂದ. ಅವನಿಗೂ, ಅವನಂಥ ಆಸೆ ಇಟ್ಟುಕೊಂಡ ಉಳಿದವರಿಗೂ ಸೇರಿಸಿ ಈ ನಾಲ್ಕು ಮಾತು.

ಮಂದಿ ನಗಲಿ. ಕಸಬರಿಗಿ ಬಿಟ್ಟರೆ ಬೇರೆ ಗೊತ್ತಿಲ್ಲದ ಎರೆಮಣ್ಣಿನ ಸೀಮೆಯಲ್ಲಿ ದೂಳು ಹೀರುವ ಡಬ್ಬಿಗಳನ್ನು ಸಾಲಾಗಿ ಜೋಡಿಸಿಟ್ಟರೆ ಯಾರಿಗಾದರೂ ನಗು ಬಂದೀತು. ಆದರೆ ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಜೇಮ್ಸ್ ಅನ್ನುವ ಸಣ್ಣ ಊರಲ್ಲಿ ವ್ಯಾಕ್ಯೂಮ್ ಕ್ಲೀನರ್‌ಗಳದ್ದೇ ಒಂದು ಮ್ಯೂಸಿಯಂ ಇದೆ. ಅದೇ ರಾಜ್ಯದ ಸೇಂಟ್ ಲೂಯಿಸಿನ ಫಾಕ್ಸ್ ಥಿಯೇಟರಿನಲ್ಲಿ ಆರ್ಗನ್ ನುಡಿಸುತ್ತಿದ್ದ ಸ್ಟ್ಯಾನ್ ಕಾನ್ ಎಂಬ ಕಲಾವಿದ ಈ ಯಂತ್ರಗಳನ್ನು ಕೂಡಿಟ್ಟೇ ಟೆಲಿವಿಷನ್ನಿನಲ್ಲಿ ಹೆಸರಾದ. ಅವನು 2008ರಲ್ಲಿ ತೀರಿಕೊಂಡ. ಹೊರದೇಶಗಳಲ್ಲಿ ಇಂಥ ಸಂಗ್ರಾಹಕರಿಗೆ ಕೊರತೆಯಿಲ್ಲ. ಅವರಲ್ಲಿ ಬಹಳ ಜನ ಹುಡುಕುವುದು ಹೂವರ್, ಎಲೆಕ್ಟ್ರೋಲಕ್ಸ್ ಕಂಪನಿಗಳ ಮನೆ ಬಳಕೆಯ ಯಂತ್ರಗಳನ್ನು. ನಿನ್ನ ಕಣ್ಣು ಬಿದ್ದಿರುವುದು ಹೋಟೆಲು, ಆಸ್ಪತ್ರೆಗಳಲ್ಲಿ ದಿನವಿಡೀ ದುಡಿದ ಯಂತ್ರಗಳ ಮೇಲೆ. ನಿನ್ನ ದಾರಿಯೇ ಸರಿ ಅಂತ ನನಗನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ದೂಳು ಹೀರುವ ಮೋಟಾರ್ ಯಂತ್ರ ಮೊದಲು ಬಾಳಿದ್ದು ಮನೆಯಲ್ಲಲ್ಲ, ದಂಧೆಯಲ್ಲಿ. 1901ರಲ್ಲಿ ಲಂಡನ್ನಿನ ಒಂದು ಥಿಯೇಟರಿನಲ್ಲಿ ಹೊಸ ಯಂತ್ರವೊಂದರ ಪ್ರದರ್ಶನ ನಡೆಯಿತು. ಅದು ಗಾಳಿ ಊದಿ ದೂಳು ಎಬ್ಬಿಸುತ್ತಿತ್ತು. ರಾಶಿಯ ದಿನ ಗಾಳಿಗೆ ಎದುರಾಗಿ ತೂರಿದರೆ ಹೊಟ್ಟೆಲ್ಲ ತಿರುಗಿ ಮೈಮೇಲೇ ಬೀಳುತ್ತದಲ್ಲ, ಹಾಗೆ ಎದ್ದ ದೂಳು ಮತ್ತೆ ಅಲ್ಲೇ ಕೂರುತ್ತಿತ್ತು. ನೋಡಲು ಹೋಗಿದ್ದ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರ್, 'ಊದುವ ಬದಲು ಹೀರಿದರೆ ಹೇಗೆ?' ಎಂದು ಕೇಳಿದ. ಅದು ಆಗದ ಮಾತು ಅಂತ ಉತ್ತರ ಬಂತು. ಬೂತ್ ಒಂದು ರೆಸ್ಟೋರೆಂಟಿನಲ್ಲಿ ಮೆತ್ತನೆ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ, ಬಾಯಿಟ್ಟು ಜೋರಾಗಿ ಹೀರಿ ನೋಡಿದ. ಕೆಮ್ಮು ಬಂತು. ಕರವಸ್ತ್ರದ ಕೆಳಗಡೆ ಕರ್ರಗಿನ ದೂಳು ಮೆತ್ತಿಕೊಂಡಿತ್ತು. ಅದೇ ವರ್ಷ ಪೇಟೆಂಟ್ ಪಡೆದ. ಅವನ ಮೂಲ ಕಸುಬು ಸೇತುವೆ ಮತ್ತು ಜಾತ್ರೆಯ ದೈತ್ಯ ತೊಟ್ಟಿಲುಗಳ ವಿನ್ಯಾಸ. ವಿಯೆನ್ನಾದ ಪ್ರಸಿದ್ಧ ಚಕ್ರದ ತೊಟ್ಟಿಲಿನಲ್ಲೂ ಅವನ ಕೈ ಇದೆ.

ಅವನ ಯಂತ್ರವನ್ನು ಕೈಯಲ್ಲಿ ಹಿಡಿಯುವ ಮಾತೇ ಇರಲಿಲ್ಲ. ಕೆಂಪು ಬಣ್ಣದ ಬಂಡಿ, ಎಳೆಯಲು ಕುದುರೆ, ಒಳಗೆ ಪೆಟ್ರೋಲ್ ಎಂಜಿನ್ ಮತ್ತು ಪಂಪು. ಬಂಡಿ ಬೀದಿಯಲ್ಲಿ ನಿಲ್ಲುತ್ತಿತ್ತು. ಕಿಟಕಿಯಿಂದ ಉದ್ದನೆಯ ಪೈಪು ಒಳಗೆ ಬಿಟ್ಟು ಸಮವಸ್ತ್ರದ ಆಳುಗಳು ಕಾರ್ಪೆಟ್ ಸ್ವಚ್ಛ ಮಾಡಿಕೊಡುತ್ತಿದ್ದರು. ಯಂತ್ರ ಮಾರುವ ಬದಲು ಸೇವೆ ಮಾರಿದರು, ಇವತ್ತಿನ ನಿನ್ನ ಕಾಂಟ್ರ್ಯಾಕ್ಟ್ ಕಂಪನಿಯ ಹಾಗೇ. ಗದ್ದಲಕ್ಕೆ ಬೀದಿಯ ಕುದುರೆಗಳು ಬೆದರುತ್ತವೆ ಎಂದು ಕೋರ್ಟಿನವರೆಗೂ ದೂರು ಹೋದದ್ದುಂಟು. 1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಕಾರ್ಪೆಟ್ಟುಗಳನ್ನು ಇದೇ ಯಂತ್ರ ಸ್ವಚ್ಛ ಮಾಡಿತು. ಆಮೇಲೆ ದೊಡ್ಡ ಮನೆತನದವರು ಗೆಳತಿಯರನ್ನು ಚಹಾಕ್ಕೆ ಕರೆದು, ಪಾರದರ್ಶಕ ಪೈಪಿನಲ್ಲಿ ತಮ್ಮ ಮನೆಯ ದೂಳು ಹರಿದುಹೋಗುವುದನ್ನು ತೋರಿಸುವ ಮಟ್ಟಕ್ಕೆ ಹುಚ್ಚು ಹತ್ತಿತು. ತಮ್ಮನೆ ಹೊಲಸನ್ನು ಹೆಮ್ಮೆಯಿಂದ ತೋರಿಸಿದ ಶ್ರೀಮಂತರು ಬಹುಶಃ ಇವರೇ ಮೊದಲಿರಬೇಕು!

ಎರಡನೇ ಕಥೆ ನಿನಗೆ ಇನ್ನೂ ಹತ್ತಿರದ್ದು. ಅಮೆರಿಕದ ಓಹಾಯೋ ರಾಜ್ಯದ ಕ್ಯಾಂಟನ್ ಊರಿನ ಅಂಗಡಿಯೊಂದರಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬ ವಯಸ್ಸಾದವನೊಬ್ಬ ಕಸ ಗುಡಿಸುತ್ತಿದ್ದ. ಅವನಿಗೆ ಉಬ್ಬಸ. ಗುಡಿಸಿದಷ್ಟೂ ಉಸಿರು ಕಟ್ಟುತ್ತಿತ್ತು. ಅವನು ಫ್ಯಾನಿನ ಮೋಟಾರ್ ಬಿಚ್ಚಿ, ಕಸಬರಿಗೆಯ ಹಿಡಿಕೆ ಜೋಡಿಸಿ, ದೂಳು ತುಂಬಲು ತಲೆದಿಂಬಿನ ಚೀಲ ಕಟ್ಟಿ ತನ್ನದೇ ಯಂತ್ರ ಮಾಡಿಕೊಂಡ. 1908ರಲ್ಲಿ ಪೇಟೆಂಟ್ ಸಿಕ್ಕಿತು, ಆದರೆ ಕಾರ್ಖಾನೆ ಹಾಕಲು ರೊಕ್ಕ ಎಲ್ಲಿಂದ ತರಬೇಕು? ಪರಿಚಯದ ಸೂಸನ್ ಹೂವರ್ ಎಂಬಾಕೆ ಯಂತ್ರ ಬಳಸಿ ನೋಡಿ ಗಂಡನಿಗೆ ಹೇಳಿದಳು. ಗಂಡ ವಿಲಿಯಂ ಹೂವರನದು ಕುದುರೆ ಜೀನು, ತೊಗಲಿನ ಸಾಮಾನಿನ ವ್ಯಾಪಾರ. ಮೋಟಾರು ಕಾರು ಬಂದು ಕುದುರೆಗೆ ಬೆಲೆ ಇಳಿಯುತ್ತಿದ್ದ ಕಾಲ. ಗಾಳಿ ಬಂದಾಗ ತೂರಿಕೊಂಡ ಜಾಣ ಅವನು, ಪೇಟೆಂಟ್ ಕೊಂಡುಕೊಂಡ. ಸ್ಪ್ಯಾಂಗ್ಲರ್ 1915ರಲ್ಲಿ ತೀರಿಕೊಂಡ. ಜಗತ್ತಿಗೆ ಉಳಿದದ್ದು ಹೂವರನ ಹೆಸರು. ಗುಡಿಸುವವನ ಉಬ್ಬಸದಿಂದ ಹುಟ್ಟಿದ ಯಂತ್ರವನ್ನು ಗುಡಿಸುವ ಪಾಳಿಯ ಹುಡುಗ ಕೂಡಿಡುತ್ತಾನೆ ಅಂದರೆ ಅದರಲ್ಲಿ ಹುಚ್ಚು ಎಲ್ಲಿದೆ?

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಡೆನ್ಮಾರ್ಕಿನ ನಿಲ್‌ಫಿಸ್ಕ್ 1910ರಲ್ಲಿ ತನ್ನ ಮೊದಲ ಯಂತ್ರ ತಂದಿತು. 1921ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್, ನೆಲದ ಮೇಲೆ ಜಾರುವ ಉದ್ದ ಸಿಲಿಂಡರಿನ ಮಾದರಿ ಹೊರಡಿಸಿತು. ಇಂಗ್ಲೆಂಡಿನ ನ್ಯುಮ್ಯಾಟಿಕ್ ಕಂಪನಿ 1969ರಲ್ಲಿ ಶುರುವಾಗಿ, ಕಣ್ಣು ಮೂಗು ಬರೆದ ಕೆಂಪು 'ಹೆನ್ರಿ' ಡ್ರಮ್ಮಿನಿಂದ ಹೆಸರಾಯಿತು. ನಮ್ಮ ದೇಶದ ಮನೆಮನೆಗೆ ಈ ಯಂತ್ರದ ಪರಿಚಯ ಮಾಡಿಸಿದ್ದು 1982ರಲ್ಲಿ ಶುರುವಾದ ಯುರೇಕಾ ಫೋರ್ಬ್ಸ್. ಟೈ ಕಟ್ಟಿಕೊಂಡ ಹುಡುಗರು ಪಟ್ಟಣಗಳಲ್ಲಿ ಬಾಗಿಲು ತಟ್ಟಿ, ಗಾದಿ ಮೇಲೆ ಯಂತ್ರ ಆಡಿಸಿ ತೋರಿಸುತ್ತಿದ್ದರು. ನೀವು ಈಗ ನೂಕುವ ದೊಡ್ಡ ಯಂತ್ರಗಳಲ್ಲಿ ಕೊಯಿಮತ್ತೂರಿನ ರೂಟ್ಸ್ ಮಲ್ಟಿಕ್ಲೀನ್‌ನವೂ ಇರುತ್ತವೆ, ಹೊರಗಿನವೂ ಇರುತ್ತವೆ.

ಈಗ ನನ್ನ ಅಸಲು ಮಾತು. ಪರದೇಶದ ಹೂವರ್ ಹಿಂದೆ ರೊಕ್ಕ ಸುರಿಯಬೇಡ. ಅದನ್ನು ಕಾಯುವವರು ಅಲ್ಲಿ ಬೇಕಾದಷ್ಟಿದ್ದಾರೆ. ನಮ್ಮಲ್ಲಿ ಸಿನಿಮಾ ಟಾಕೀಸು, ಲಾಡ್ಜು, ಬ್ಯಾಂಕು, ದವಾಖಾನೆಗಳಲ್ಲಿ ದುಡಿದ ಡ್ರಮ್ ಯಂತ್ರಗಳನ್ನು ಕೇಳುವವರೇ ಇಲ್ಲ. ಮೋಟಾರಿನ ತಾಮ್ರ ಕಿತ್ತರೆ ಅವುಗಳ ಕಥೆ ಮುಗಿಯಿತು. ಅವು ನಿನ್ನ ಕೈಗೆ ಸಿಗುತ್ತವೆ, ನಿನಗೆ ಅವುಗಳ ಗುಣ ಗೊತ್ತು. ಯಾವ ಗಾಲಿ ಯಾವಾಗಲೂ ಸಿಗಿಬೀಳುತ್ತದೆ, ಯಾವ ಪೈಪು ಕುತ್ತಿಗೆಯ ಹತ್ತಿರವೇ ಹರಿಯುತ್ತದೆ ಅನ್ನುವುದು ಕಂಪನಿಯ ಪುಸ್ತಕದಲ್ಲಿ ಇರುವುದಿಲ್ಲ. ನಿನ್ನ ತಲೆಯಲ್ಲಿದೆ.

ತರುವ ಮೊದಲು ಸೂಪರ್‌ವೈಸರ್ ಕಡೆಯಿಂದ ಚೀಟಿ ಬರೆಸಿಕೋ. ಬಿಲ್ಲು ಆದರೆ ಇನ್ನೂ ಒಳ್ಳೆಯದು. ಇ-ತ್ಯಾಜ್ಯದ ಹೊಸ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಳೆಯ ಯಂತ್ರಗಳನ್ನು ನೋಂದಾಯಿತ ಮರುಬಳಕೆದಾರರಿಗೇ ಕೊಡಬೇಕು ಎಂದು ಕಂಪನಿಗಳು ಹಟ ಹಿಡಿಯಬಹುದು. ಹಿಂಬಾಗಿಲಿನಿಂದ ಹೊತ್ತು ತಂದು ಕಳ್ಳನ ಹೆಸರು ತಗೊಳ್ಳಬೇಡ. ಇರುವ ನೌಕರಿಯೂ ಹೋದೀತು.

ತಂದ ಮೇಲೆ ಸ್ವಿಚ್ ಹಾಕುವ ಆತುರ ಬೇಡ. ನಮ್ಮ ಹೊಳೆದಂಡೆಯ ಪಂಪ್‌ಸೆಟ್ ಮೋಟಾರ್ ಬೇರೆ, ಇದು ಬೇರೆ. ಅದು ನಿಮಿಷಕ್ಕೆ ಮೂರು ಸಾವಿರ ಸುತ್ತಿನ ಒಳಗೇ ತಿರುಗುತ್ತದೆ. ಇದರೊಳಗಿನ ಯೂನಿವರ್ಸಲ್ ಮೋಟಾರ್ ಹತ್ತು ಸಾವಿರ ದಾಟಿ ಓಡುತ್ತದೆ, ಆ ಕಿರುಚಾಟ ಅದರದ್ದೇ. ಒಳಗೆ ತಾಮ್ರದ ಕಮ್ಯುಟೇಟರ್, ಅದನ್ನು ಒತ್ತಿ ಹಿಡಿದ ಎರಡು ಕಾರ್ಬನ್ ಬ್ರಷ್. ಬ್ರಷ್ ಬಿಚ್ಚಿ ನೋಡು: ತುದಿ ನುಣ್ಣಗೆ ಹೊಳೆಯುತ್ತಿದ್ದರೆ ಚಲೋ, ಮೂಲೆ ಒಡೆದಿದ್ದರೆ ಬದಲಿಸು. ಕಮ್ಯುಟೇಟರ್ ಕಂದುಬಣ್ಣಕ್ಕೆ ತಿರುಗಿದ್ದರೆ ಹೆದರಬೇಡ, ಅದು ದುಡಿದ ಗುರುತು. ಒಂದೆರಡು ಪಟ್ಟಿ ಮಾತ್ರ ಸುಟ್ಟು ಕರ್ರಗಾಗಿದ್ದರೆ ಒಳಗೆ ಸುರುಳಿ ಹೋಗಿದೆ ಅಂತ ತಿಳಿ. ಮೊದಲು ಸೀರೀಸ್ ಬೋರ್ಡಿನಲ್ಲಿ 200 ವಾಟ್ ಬಲ್ಬಿನ ಜೊತೆ ಕೊಟ್ಟು ನೋಡು. ಬಲ್ಬು ಪೂರ್ತಿ ಬೆಳಕಿನಲ್ಲಿ ಉರಿದು ಮೋಟಾರ್ ಮಿಸುಕದಿದ್ದರೆ ತಕ್ಷಣ ತೆಗೆ. ತಗಡಿನ ಡ್ರಮ್ಮಿಗೆ ಅರ್ಥಿಂಗ್ ಇಲ್ಲದೆ ಕೈ ಹಚ್ಚಬೇಡ. ಅಮೆರಿಕದ ಯಂತ್ರ ಯಾರಾದರೂ ಕೊಟ್ಟರೆ ಅದು 110-120 ವೋಲ್ಟಿನದು, ನಮ್ಮ 230ಕ್ಕೆ ನೇರ ಕೊಟ್ಟರೆ ಸುಟ್ಟುಹೋಗುತ್ತದೆ.

ನೀರನ್ನೂ ಹೀರುವ ಡ್ರಮ್ಮುಗಳಲ್ಲಿ ಬೈಪಾಸ್ ಮೋಟಾರ್ ಇರುತ್ತದೆ. ಹೀರಿದ ಗಾಳಿ ಒಂದು ದಾರಿ, ಮೋಟಾರ್ ತಣಿಸುವ ಗಾಳಿ ಇನ್ನೊಂದು ದಾರಿ. ಮನೆಯ ಬರೀ ದೂಳಿನ ಯಂತ್ರದಲ್ಲಿ ಹೀರಿದ ಗಾಳಿಯೇ ಸಾಮಾನ್ಯವಾಗಿ ಮೋಟಾರನ್ನೂ ತಣಿಸುತ್ತದೆ. ಅದಕ್ಕೇ ಅದರಿಂದ ನೀರು ಎಳೆದರೆ ಮೋಟಾರ್ ಸಾಯುತ್ತದೆ. ಹೆಸರೇನೋ ವ್ಯಾಕ್ಯೂಮ್, ಒಳಗೆ ಪೂರ್ತಿ ನಿರ್ವಾತ ಆಗುವುದೇ ಇಲ್ಲ. ಒಳ್ಳೆಯ ಯಂತ್ರವೂ ನೀರನ್ನು ಪೈಪಿನಲ್ಲಿ ಎರಡು ಮೀಟರಿನ ಆಸುಪಾಸು ಎತ್ತುವಷ್ಟು ಮಾತ್ರ ಎಳೆಯುತ್ತದೆ. ನಮ್ಮ ಪಂಪು ಇದಕ್ಕಿಂತ ಜೋರಾಗಿ ಎಳೆಯುತ್ತದೆ ಅಂತ ನೀನು ಪುಣೆಯಲ್ಲಿ ಧೈರ್ಯವಾಗಿ ಹೇಳಬಹುದು.

ಹಳೆಯ ಚೀಲವನ್ನು ಪಡಸಾಲೆಯಲ್ಲಿ ಜಾಡಿಸಬೇಡ. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಹೊಲದಲ್ಲಿ ಬಿಚ್ಚು. ದವಾಖಾನೆಯ ಯಂತ್ರವಾದರೆ ಚೀಲ, ಫಿಲ್ಟರ್ ಎರಡನ್ನೂ ಅಲ್ಲೇ ವಿಲೇವಾರಿ ಮಾಡಿಸಿ ಬರೀ ಡ್ರಮ್ ತಾ. ಬಣ್ಣ ಹೊಡೆದು ಹೊಸದರಂತೆ ಮಾಡಲು ಹೋಗಬೇಡ. ನೇಮ್‌ಪ್ಲೇಟಿನ ಮೇಲೆ ಸೀಮೆಎಣ್ಣೆ, ಎಮರಿ ಕಾಗದ ಆಡಿಸಿದರೆ ಮಾದರಿ, ಸೀರಿಯಲ್ ನಂಬರು, ವೋಲ್ಟು ಅಳಿಸಿಹೋಗುತ್ತವೆ. ಆಮೇಲೆ ಅದು ಬರೀ ತಗಡು. ಮೈಮೇಲಿನ ಗೀರು, ಯಾರೋ ಪೇಂಟಿನಲ್ಲಿ ಬರೆದ '2ನೇ ಮಹಡಿ' ಇದ್ದಂತೆಯೇ ಇರಲಿ.

ಇಡುವ ಜಾಗದ ಬಗ್ಗೆ ನಾನು ಹೇಳಲೇಬೇಕು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಇಂಡಿ, ಸಿಂದಗಿ, ಅಫಜಲಪುರದ ದಂಡೆಯ ಊರುಗಳಿಗೆ ನೀರು ನುಗ್ಗಿದ್ದನ್ನು ನೀನೂ ಬಲ್ಲೆ. ಉಜನಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ನಮ್ಮ ನಿದ್ದೆ ಹೋಗುತ್ತದೆ. ಹೊಳೆ ಕಡೆಯ ತಗ್ಗಿನ ಕೋಣೆ ಬೇಡ, ಎತ್ತರದಲ್ಲಿ ಇಡು. ಪತ್ರಾಸಿನ ಕೆಳಗೂ ಬೇಡ, ಏಪ್ರಿಲ್-ಮೇ ಬಿಸಿಲಿಗೆ ರಬ್ಬರ್ ಪೈಪು ಬಿರಿಯುತ್ತದೆ. ಪೈಪನ್ನು ಮಡಚದೆ ಅಗಲವಾಗಿ ಸುತ್ತಿ ತೂಗುಹಾಕು. ಬೆಲ್ಟ್ ಇರುವ ಯಂತ್ರವಾದರೆ ಬೆಲ್ಟ್ ಕಳಚಿಡು. ವೈರಿಗೆ ಇಲಿಗಳ ಕಾಟ ಇದ್ದದ್ದೇ.

ವಿಜಯಪುರಕ್ಕೆ ಹೋದಾಗ ಗೋಳಗುಮ್ಮಟದ ಮುಂದಿನ ನಗಾರಖಾನೆಯ ಮ್ಯೂಸಿಯಮ್ಮಿಗೆ ಒಮ್ಮೆ ಹೋಗಿ ಬಾ. ಆದಿಲಶಾಹಿ ಕಾಲದ ವಸ್ತುಗಳ ನಡುವೆ ಹಳೆಯ ಕಾರ್ಪೆಟ್ಟುಗಳೂ ಇವೆ. ಅಂಥ ಜೀರ್ಣವಾದ ನೇಯ್ಗೆಯನ್ನು ಗುಡಿಸಬಾರದು, ಕೊಡವಬಾರದು. ಜವಳಿ ಸಂರಕ್ಷಣೆ ಬಲ್ಲವರು ಬಟ್ಟೆಯ ಮೇಲೆ ಸಣ್ಣ ಜಾಳಿಗೆ ಹಾಸಿ, ಯಂತ್ರದ ಎಳೆತ ತಗ್ಗಿಸಿ, ಮೆಲ್ಲಗೆ ದೂಳು ತೆಗೆಯುತ್ತಾರೆ. ಬೂತ್ ಕರವಸ್ತ್ರ ಹಾಸಿ ಮಾಡಿದ ಪ್ರಯೋಗಕ್ಕೂ ಇದಕ್ಕೂ ಅಂತರ ಬಹಳ ಇಲ್ಲ. ನೀನು ನೂಕುವ ಯಂತ್ರಕ್ಕೆ ಇಂಥ ಸೂಕ್ಷ್ಮ ಕೆಲಸವೂ ಬರುತ್ತದೆ ಅಂತ ಗೊತ್ತಿರಲಿ.

ಒಂದು ಇನ್ನೂರು ಪುಟದ ನೋಟುಬುಕ್ ಕೊಳ್ಳು. ಯಂತ್ರಕ್ಕೆ ಒಂದು ಪುಟ. ಎಲ್ಲಿ ದುಡಿಯಿತು, ಯಾವ ವರ್ಷ ಬಂತು, ಯಾರು ರಿಪೇರಿ ಮಾಡಿದರು, ಯಾರು ಯಾರು ನೂಕಿದರು. ನಿನ್ನ ಜೊತೆ ಪಾಳಿ ಮಾಡುವ ಹೆಣ್ಣುಮಕ್ಕಳನ್ನು ಕೇಳಿ ಬರೆ, ಅವರಿಗೆ ಗೊತ್ತಿರುವಷ್ಟು ಮ್ಯಾನೇಜರಿಗೆ ಗೊತ್ತಿರುವುದಿಲ್ಲ. ಕೆಲಸ ಬಿಟ್ಟು ಊರಿಗೆ ಮರಳಿದವರ ಹೆಸರನ್ನೂ, ಅವರು ಒಪ್ಪಿದರೆ, ಸೇರಿಸು. ಹತ್ತು ಡ್ರಮ್ ಬೇಡ, ಪುಟ ತುಂಬಿದ ಮೂರು ಸಾಕು. ಮುಂದಿನ ಸಲ ಬರುವಾಗ ಕಾರ್ಬನ್ ಬ್ರಷ್‌ನ ಅಳತೆ ಬರೆದುಕೊಂಡು ಬಾ. ಅಂಗಡಿಯಲ್ಲಿ ಇದ್ದರೆ ಕೊಡುತ್ತೇನೆ, ಇಲ್ಲದಿದ್ದರೆ ಸೊಲ್ಲಾಪುರದಿಂದ ತರಿಸೋಣ.