ಮನೆ ಅಡವು: ಅಂಗಳದಿಂದಲೇ ಬೆಲೆ ಕಟ್ಟಿದರೆ ಸಾಕೇ?

ಮಕ್ಕಳ ಓದು, ಆಸ್ಪತ್ರೆ ಖರ್ಚು, ಹೊಸ ಬೋರು – ಇಂಥದ್ದಕ್ಕೆಲ್ಲ ಮನೆ ಅಡವಿಟ್ಟು ಸಾಲ ತೆಗೆಯುವವರು ನಮ್ಮಲ್ಲಿದ್ದಾರೆ. ಎಷ್ಟು ಸಾಲ ಸಿಗುತ್ತದೆ ಎಂಬುದು ಬ್ಯಾಂಕು ಕಳಿಸುವ ಮೌಲ್ಯಮಾಪಕರು ಕಟ್ಟುವ ಬೆಲೆಯನ್ನು ಹೊಂದಿಕೊಂಡಿದೆ. ಕೆಲವರು ಅಂಗಳದಲ್ಲೇ ನಿಂತು ನಾಲ್ಕು ಫೋಟೋ ತೆಗೆದು, ಹೊರಗೋಡೆ ಅಳೆದು ಹೊರಟುಬಿಡುತ್ತಾರೆ. ಇದರಿಂದ ನಮಗೆ ಲಾಭವೋ, ನಷ್ಟವೋ?

ಅಮೆರಿಕದಲ್ಲಿ ಈ ಪದ್ಧತಿ ಹಳೆಯದು. 2020ರ ಕೊರೊನಾ ಕಾಲದಲ್ಲಿ ಅಲ್ಲಿನ ಗೃಹಸಾಲ ಸಂಸ್ಥೆ ಫ್ಯಾನಿ ಮೇ ಕೂಡ ಕೆಲವು ಸಾಲಗಳಿಗೆ ಹೊರನೋಟದ ಬೆಲೆಯನ್ನೇ ಒಪ್ಪಿಕೊಂಡಿತ್ತು. ಅನುಕೂಲ ಇಲ್ಲವೆಂದಲ್ಲ. ಕೆಲಸ ಬೇಗ ಮುಗಿಯುತ್ತದೆ. ಮನೆಯಲ್ಲಿ ಕಾಯಿಲೆಯವರಿದ್ದರೆ ತೊಂದರೆಯಾಗದು. ಮನೆಯ ಬೆಲೆಗೆ ಹೋಲಿಸಿದರೆ ಸಾಲ ತೀರಾ ಚಿಕ್ಕದಿದ್ದಾಗ ಇಷ್ಟು ಧಾರಾಳ ಸಾಕು.

ಆದರೆ ಹೊರಗಿನಿಂದ ನೋಡಿದವರು ಒಳಗಿನದ್ದನ್ನು ಊಹಿಸಲೇಬೇಕು. ನಮ್ಮ ಹಂಚಿನ ಮನೆಗಳಲ್ಲಿ ಈ ಊಹೆ ಎರಡೂ ಕಡೆಗೆ ತಪ್ಪಬಹುದು.

ಮೊದಲನೆಯದು, ಬೆಲೆ ಇಳಿಯುವುದು. ಹಂಚಿಗೆ ಪಾಚಿ ಹಿಡಿದ ಮನೆ ಹಳೆಯದಾಗಿ ಕಾಣುತ್ತದೆ. ಒಳಗೆ ಹಲಸಿನ ಮರದ ಮುಚ್ಚಿಗೆ, ಹೊಸ ವಯರಿಂಗ್, ಹೊಸ ನೆಲ ಇದ್ದರೂ ಲೆಕ್ಕಕ್ಕೆ ಬಾರದು. ಹೊರನೋಟದ ಬೆಲೆ 20 ಲಕ್ಷ, ಒಳಹೊಕ್ಕು ನೋಡಿದರೆ 25 ಲಕ್ಷ ಎಂದಿಟ್ಟುಕೊಳ್ಳಿ. ಬ್ಯಾಂಕು ಬೆಲೆಯ ಶೇ. 60 ಕೊಡುವುದಾದರೆ 15 ಲಕ್ಷ ಸಿಗಬೇಕಾದಲ್ಲಿ 12 ಲಕ್ಷ ಸಿಕ್ಕೀತು. ಉಳಿದ 3 ಲಕ್ಷಕ್ಕೆ ಕೈಸಾಲವೇ ಗತಿ.

ಎರಡನೆಯದು, ಬೆಲೆ ಏರುವುದು. ಇದು ಹೆಚ್ಚು ಅಪಾಯ. ಹೊರಗೆ ಬಣ್ಣ ಬಳಿದಿದ್ದು, ಒಳಗೆ ಪಕಾಸು ಗೆದ್ದಲು ತಿಂದಿದ್ದರೆ 20 ಲಕ್ಷದ ಮನೆಗೆ 25 ಲಕ್ಷ ಬರೆದಾರು. ಆಗ ಸಿಗುವ 15 ಲಕ್ಷ, ನಿಜ ಬೆಲೆಯ ಮುಕ್ಕಾಲು ಪಾಲು! ಸಾಲ ಹೆಚ್ಚು ಸಿಕ್ಕಿತೆಂದು ಖುಷಿಪಟ್ಟರೆ ಕಂತೂ ಹೆಚ್ಚು ಎಂಬುದು ಮರೆತೇಹೋಗುತ್ತದೆ.

ಅಡಿಕೆ ಮಾರಿದ ದುಡ್ಡು ವರ್ಷಕ್ಕೊಮ್ಮೆ, ಕಂತು ತಿಂಗಳು ತಿಂಗಳು. ಇಂಥ ಸಾಲದ ಕಂತು 90 ದಿನಕ್ಕಿಂತ ಹೆಚ್ಚು ಬಾಕಿಯಾದರೆ ಅದು ಕೆಟ್ಟ ಸಾಲದ ಪಟ್ಟಿಗೆ ಸೇರುತ್ತದೆ. 2002ರ ಸರ್ಫೇಸಿ ಕಾಯ್ದೆಯಂತೆ ಬ್ಯಾಂಕು 60 ದಿನದ ನೋಟೀಸು ಕೊಟ್ಟು, ದಾವೆ ಹೂಡದೆಯೇ ಹರಾಜಿನ ಕ್ರಮಕ್ಕೆ ಇಳಿಯಬಹುದು. ಈ ಕಾಯ್ದೆಯಿಂದ ಕೃಷಿಭೂಮಿಗೆ ವಿನಾಯಿತಿ ಇದೆ. ಪರಿವರ್ತನೆಯಾದ ಮನೆ ಜಾಗಕ್ಕಿಲ್ಲ. ಹರಾಜಿನ ಹಣ ಸಾಲಕ್ಕೆ ಸಾಲದೆ ಬಂದರೆ ಬಾಕಿ ನಮ್ಮ ತಲೆಯ ಮೇಲೆಯೇ ಉಳಿಯುತ್ತದೆ.

ಹಾಗಾಗಿ ನನ್ನ ಸಲಹೆ ಇಷ್ಟು:

1. ಮೌಲ್ಯಮಾಪಕರು ಬಂದಾಗ ಮನೆಯವರೊಬ್ಬರು ಜೊತೆಗಿರಿ. "ಒಳಗೂ ನೋಡಿ" ಎಂದು ನೀವೇ ಕರೆಯಿರಿ. ಅಟ್ಟ ಹತ್ತಿಸಿ, ಮಾಡು ತೋರಿಸಿ.

2. ರಿಪೇರಿಯ ಬಿಲ್ಲು, ಮನೆಯ ನಕ್ಷೆ, ಪಂಚಾಯತಿನ 9 ಮತ್ತು 11ನೇ ನಮೂನೆಗಳ ಪ್ರತಿ ತೆಗೆದಿಡಿ.

3. ಬರೇ ಹೊರಗಿನಿಂದ ನೋಡಿ ಹೋದರೆ, ಒಳಗಿನ ಪರಿಶೀಲನೆ ಬೇಕೆಂದು ಶಾಖೆಗೆ ಬರೆದುಕೊಡಿ. ಪ್ರತಿಗೆ ಸಹಿ, ಸೀಲು ಹಾಕಿಸಿಕೊಳ್ಳಿ.

4. ವರದಿಯ ಪ್ರತಿ ಕೇಳಿ. ಮನೆಯ ವಿಸ್ತೀರ್ಣ, ವಯಸ್ಸು, ಸರ್ವೆ ನಂಬ್ರ ಸರಿ ಇವೆಯೇ ನೋಡಿ.

5. ಎಷ್ಟು ಸಾಲ ಸಿಗುತ್ತದೆ ಎಂದಲ್ಲ, ಕೊಳೆರೋಗ ಬಂದ ವರ್ಷವೂ ಎಷ್ಟು ಕಂತು ಕಟ್ಟಬಲ್ಲೆ ಎಂದು ಲೆಕ್ಕ ಹಾಕಿ. ಅಷ್ಟಕ್ಕೇ ಅರ್ಜಿ ಹಾಕಿ.