ಹಳೆ ಫ್ರಿಜ್ ನಿಲ್ಲದೆ ಓಡುತ್ತಿದೆಯೇ? ಗ್ಯಾಸ್ ತುಂಬಿಸುವ ಮೊದಲು ಇಷ್ಟು ನೋಡಿ



ನಮ್ಮಲ್ಲಿ ಹೆಚ್ಚಿನವರ ಅಡುಗೆಮನೆಯಲ್ಲಿ ಹತ್ತು ಹನ್ನೆರಡು ವರ್ಷ ಹಳೆಯ ಸ್ಟೀಲ್ ಫ್ರಿಜ್ ಒಂದಾದರೂ ಇದೆ. ಅದು ಹಗಲು ರಾತ್ರಿ ನಿಲ್ಲದೆ ಓಡತೊಡಗಿದರೆ ನಾವು ಮೆಕ್ಯಾನಿಕ್‌ಗೆ ಫೋನ್ ಮಾಡುತ್ತೇವೆ. ಅವನು ಬಂದು ಬಾಗಿಲು ತೆರೆದು ಹೇಳುವ ಮೊದಲ ಮಾತು, "ಅಣ್ಣಾ, ಗ್ಯಾಸ್ ಕಮ್ ಹೋ ಗಯಾ." ನಾವು ದುಡ್ಡು ಕೊಟ್ಟು ಕಳುಹಿಸುತ್ತೇವೆ. ನಾನೂ ಹಾಗೆಯೇ ಮಾಡಿದವನು. ಒಂದು ಬೇಸಿಗೆಯಲ್ಲಿ ಮೂರು ತಿಂಗಳೊಳಗೆ ಒಂದೇ ಫ್ರಿಜ್‌ಗೆ ಎರಡು ಸಲ ಗ್ಯಾಸ್ ತುಂಬಿಸಿದೆ. ಎರಡನೆಯ ಸಲ ತುಂಬಿಸಿ ಹದಿನೈದು ದಿನ ಆಗಿತ್ತಷ್ಟೆ, ಬೆಳಿಗ್ಗೆ ದಿನವೂ ಬರುವ ಗಿರಾಕಿಯೊಬ್ಬರು ಚಹಾ ಹಿಂದೆ ಕಳುಹಿಸಿದರು. ಹಾಲು ಒಡೆದಿತ್ತು. ಫ್ರಿಜ್ ಮಾತ್ರ ಗುಂಯ್ ಎಂದು ಓಡುತ್ತಲೇ ಇತ್ತು. ಸದ್ದು ಬರುತ್ತಿದೆ, ಹಾಗಾದರೆ ತಂಪಾಗುತ್ತಿದೆ ಎಂದು ನಂಬಿದ್ದೇ ನನ್ನ ತಪ್ಪು. ಹಾಲು ಒಡೆದರೆ ಕಣ್ಣಿಗೆ ಕಾಣುತ್ತದೆ. ತೆಂಗಿನಕಾಯಿ ಚಟ್ನಿ, ಪನೀರ್ ಕೆಡುತ್ತಿರುವುದು ಮೊದಮೊದಲು ವಾಸನೆಯಲ್ಲೂ ಗೊತ್ತಾಗುವುದಿಲ್ಲ, ಅದು ನೇರ ಗಿರಾಕಿಯ ಹೊಟ್ಟೆಗೆ ಹೋಗುತ್ತದೆ.

ಆ ದಿನ ಮಧ್ಯಾಹ್ನ ಫ್ರಿಜ್ ಖಾಲಿ ಮಾಡಿಸಿ, ಪ್ಲಗ್ ತೆಗೆದು, ಮುಂದೆ ಎಳೆದು ಕೆಳಗಿನ ಕವರ್ ಬಿಚ್ಚಿದೆ. ಒಳಗಿನ ಜಾಲಿ, ಅಂದರೆ ಕಂಡೆನ್ಸರ್, ಕಾಣಿಸಲೇ ಇಲ್ಲ. ಎಣ್ಣೆ ಹೊಗೆ, ಪೂರಿ ಹಿಟ್ಟಿನ ಧೂಳು ಸೇರಿ ಅದರ ಮೇಲೆ ಕಂಬಳಿಯಂತೆ ಕೂತಿತ್ತು. ಹಿಟ್ಟು ನಾದುವ ಮೇಜನ್ನು ಅದರ ಪಕ್ಕಕ್ಕೆ ಸರಿಸಿದ್ದು ನಾನೇ. ಬ್ರಷ್ ಹಿಡಿದು ಒಂದು ಗಂಟೆ ತಿಕ್ಕಿದೆವು. ಆ ರಾತ್ರಿ ಫ್ರಿಜ್ ಎಷ್ಟೋ ದಿನಗಳ ನಂತರ ತಾನಾಗಿ ನಿಂತಿತು. ಎರಡು ಸಲ ತುಂಬಿದ ಗ್ಯಾಸ್ ನಿಜವಾಗಿ ಒಳಗೆ ಹೋಗಿತ್ತೋ ಇಲ್ಲವೋ ದೇವರೇ ಬಲ್ಲ. ನಾನು ಗಲ್ಲಾದಲ್ಲಿ ಕುಳಿತಿದ್ದೆ, ಹತ್ತಿರ ನಿಂತು ನೋಡಿರಲಿಲ್ಲ.

ಒಂದು ವಿಷಯ ತಿಳಿದಿರಲಿ. ಫ್ರಿಜ್‌ನ ಗ್ಯಾಸ್ ಗಾಡಿಯ ಪೆಟ್ರೋಲ್ ಹಾಗೆ ಉರಿದು ಖರ್ಚಾಗುವಂಥದ್ದಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಒಳಗಿನ ಶಾಖವನ್ನು ಹೀರಿ ತಂದು ಜಾಲಿಯ ಮೂಲಕ ಹೊರಗೆ ಬಿಡುವುದು ಅದರ ಕೆಲಸ. ಕಡಿಮೆಯಾಗಿದೆ ಎಂದರೆ ಎಲ್ಲೋ ಲೀಕ್ ಇದೆ ಎಂದೇ ಅರ್ಥ. ಲೀಕ್ ಹುಡುಕದೆ ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಬೇಕಾದ್ದಕ್ಕಿಂತ ಹೆಚ್ಚು ತುಂಬಿದರೂ ಫ್ರಿಜ್ ಸರಿಯಾಗಿ ತಣಿಯುವುದಿಲ್ಲ.

ಹಾಗೆಂದು ಓಡುವುದೆಲ್ಲ ರೋಗವಲ್ಲ. ಮೇ ತಿಂಗಳ ಮುಂಬೈ ಅಥವಾ ಚೆನ್ನೈಯ ಅಡುಗೆಮನೆಯಲ್ಲಿ, ಊಟದ ಹೊತ್ತಿಗೆ ನಿಮಿಷಕ್ಕೊಮ್ಮೆ ಬಾಗಿಲು ತೆರೆಯುವಾಗ, ಯಾವ ಫ್ರಿಜ್ ತಾನೇ ನಿಲ್ಲುತ್ತದೆ? ಪರೀಕ್ಷೆ ಮಾಡುವುದಾದರೆ ರಾತ್ರಿ ಶಟರ್ ಎಳೆದ ಮೇಲೆ ಮಾಡಿ. ಬಾಗಿಲು ಮುಚ್ಚಿ ಒಂದೆರಡು ಗಂಟೆಯಾದ ಮೇಲೆ ಹಳೆ ಫ್ರಿಜ್ ನಡುನಡುವೆ ನಿಲ್ಲಲೇಬೇಕು. (ಹೊಸ ಇನ್ವರ್ಟರ್ ಮಾದರಿಗಳು ನಿಧಾನವಾಗಿ ಓಡುತ್ತಲೇ ಇರುತ್ತವೆ, ಅವುಗಳ ಲೆಕ್ಕ ಬೇರೆ.) ಮಲಗುವ ಮೊದಲು ಮಧ್ಯದ ಶೆಲ್ಫ್‌ನಲ್ಲಿ ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಡಿ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ನೋಡಿ. 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು.

ಹಾಲಿನ ಪ್ಯಾಕೆಟ್ ಗಟ್ಟಿಯಾಗುವಷ್ಟು ತಂಪಿದ್ದೂ ಓಡುತ್ತಿದ್ದರೆ ತಪ್ಪು ಥರ್ಮೋಸ್ಟ್ಯಾಟ್‌ನದು. ಅದರ ಗುಂಡಿಯನ್ನು ಆಫ್‌ಗೆ ತಿರುಗಿಸಿ ನೋಡಿ. ಆಗಲೂ ಕಂಪ್ರೆಸರ್ ನಿಲ್ಲದಿದ್ದರೆ ಒಳಗಿನ ಕಾಂಟ್ಯಾಕ್ಟ್ ಅಂಟಿಕೊಂಡಿರುತ್ತದೆ. ಸಣ್ಣ ಖರ್ಚಿನ ಕೆಲಸ.

ತಂಪು ಸರಿಯಾಗಿದೆ, ಆದರೂ ನಿಲ್ಲುವುದಿಲ್ಲ ಎಂದಾದರೆ ಹೊರಗಿನ ಬಿಸಿ ಒಳಗೆ ಹೋಗುತ್ತಿದೆ. ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ ನೋಡಿ. ಹತ್ತು ರೂಪಾಯಿಯ ನೋಟೊಂದನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬರಬೇಕು. ಜಾರಿ ಬಂದರೆ ಅಲ್ಲಿ ಸಂದು ಇದೆ. ನಾಲ್ಕೂ ಬದಿ, ಮುಖ್ಯವಾಗಿ ಕೆಳಗಿನ ಮೂಲೆಗಳನ್ನು ನೋಡಿ. ಹಾಲಿನ ಕ್ರೇಟ್ ತಾಗಿ ಹರಿಯುವುದು ಅಲ್ಲಿಯೇ. ಬರೇ ಜಿಡ್ಡಾಗಿದ್ದರೆ ಬಿಸಿನೀರು ಸೋಪಿನಲ್ಲಿ ಒರೆಸಿದರೆ ಸಾಕು. ಹರಿದಿದ್ದರೆ ಅಳತೆ ಕೊಟ್ಟು ಹೊಸದು ಹಾಕಿಸಿ. ಇನ್ನೊಂದು, ಮಸಾಲೆದೋಸೆಯ ಬಟಾಟೆ ಪಲ್ಯವನ್ನು ಬಿಸಿ ಪಾತ್ರೆ ಸಮೇತ ಒಳಗಿಡುವ ಅಭ್ಯಾಸ. ಹುಡುಗರಿಗೆ ಬೇಗ ಮನೆಗೆ ಹೋಗುವ ಅವಸರ. ಹೊರಗೆ ರಾತ್ರಿಯಿಡೀ ಬಿಡುವುದೂ ತಪ್ಪು, ಕೆಡುತ್ತದೆ. ಅಗಲ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಫ್ಯಾನ್ ಕೆಳಗೆ ಬೇಗ ಆರಿಸಿ ಕೂಡಲೇ ಒಳಗಿಡಿ.

ಓಡುತ್ತಲೂ ಇದೆ, ತಂಪೂ ಇಲ್ಲ ಎಂದಾದರೆ ಮಾತ್ರ ದೊಡ್ಡ ಚಿಂತೆ. ಮೊದಲು ಜಾಲಿ ಮುಟ್ಟಿ ನೋಡಿ, ಎಚ್ಚರದಿಂದ. ಕೈ ಇಡಲಾರದಷ್ಟು ಬಿಸಿಯಿದ್ದರೆ ಧೂಳು ಕಟ್ಟಿದೆ, ಅಥವಾ ಜಾಲಿಯ ಫ್ಯಾನ್ ನಿಂತಿದೆ, ಅಥವಾ ಫ್ರಿಜ್ ಗೋಡೆಗೋ ಭಟ್ಟಿಗೋ ತಾಗಿ ನಿಂತಿದೆ. ಒಳಗಿನ ಕಾಯಿಲ್ ಮೇಲೆ ದಪ್ಪ ಹಿಮ ಕಟ್ಟಿದ್ದರೂ ತಂಪು ಹೊರಗೆ ಬರುವುದಿಲ್ಲ. ಪ್ಲಗ್ ತೆಗೆದು, ಬಾಗಿಲು ತೆರೆದಿಟ್ಟು ಕರಗಲು ಬಿಡಿ. ದಯವಿಟ್ಟು ಚಾಕು ಹಾಕಿ ಕೆದಕಬೇಡಿ. ಕಾಯಿಲ್ ತೂತಾದರೆ ಆಗ ನಿಜವಾಗಿ ಗ್ಯಾಸ್ ಹೋಗುತ್ತದೆ! ತಾನಾಗಿ ಹಿಮ ಕರಗಿಸುವ ಫ್ರಿಜ್‌ನಲ್ಲಿ ನಾಲ್ಕು ದಿನದಲ್ಲಿ ಪುನಃ ಹಿಮ ಕಟ್ಟಿದರೆ ಅದರ ಹೀಟರ್ ಅಥವಾ ಟೈಮರ್ ತೋರಿಸಿ.

ಜಾಲಿ ಸ್ವಚ್ಛವಾಗಿದೆ, ಆದರೆ ಬೆಚ್ಚಗೂ ಆಗುತ್ತಿಲ್ಲ, ಒಳಗಿನ ಕಾಯಿಲ್‌ನಲ್ಲಿ ಆರಂಭದ ಒಂದೆರಡು ಸುತ್ತಿಗೆ ಮಾತ್ರ ಹಿಮ, ಉಳಿದದ್ದು ಒಣಗಿದೆ. ಆಗ ಮೆಕ್ಯಾನಿಕ್ ಮಾತು ನಂಬಬಹುದು, ಗ್ಯಾಸ್ ಕಡಿಮೆ ಅಥವಾ ಒಳಗೆ ಬ್ಲಾಕ್ ಆಗಿದೆ. ಕಂಪ್ರೆಸರೇ ಸೋತಿರಲೂಬಹುದು. ಗ್ಯಾಸ್ ಎಂದರೆ ಲೀಕ್ ಎಲ್ಲಿ ಎಂದು ತೋರಿಸಲು ಹೇಳಿ, ಜಾಯಿಂಟ್‌ನಲ್ಲಿ ಎಣ್ಣೆಯ ಕಲೆ ಹೆಚ್ಚಾಗಿ ಕಾಣುತ್ತದೆ. ಬೆಸುಗೆ ಹಾಕಿ, ಫಿಲ್ಟರ್ ಬದಲಿಸಿ, ವ್ಯಾಕ್ಯೂಮ್ ಪಂಪ್ ಹಚ್ಚಿದ ಮೇಲೆ, ಕಂಪನಿಯ ಪ್ಲೇಟಿನಲ್ಲಿ ಬರೆದಷ್ಟೇ ಗ್ರಾಂ ತೂಕ ಮಾಡಿ ತುಂಬಬೇಕು. ಪ್ಲೇಟಿನಲ್ಲಿ ಆರ್-600ಎ ಅಥವಾ ಆರ್-290 ಎಂದಿದ್ದರೆ ಅದು ಬೆಂಕಿ ಹಿಡಿಯುವ ಗ್ಯಾಸ್. ಭಟ್ಟಿ, ಬರ್ನರ್ ಎಲ್ಲ ಆರಿಸದೆ, ಕಿಟಕಿ ತೆರೆಯದೆ ಕೆಲಸಕ್ಕೆ ಕೈ ಹಾಕಲು ಬಿಡಬೇಡಿ. ಆರ್-12 ಎಂದಿದ್ದರೆ ಫ್ರಿಜ್ ತೀರಾ ಹಳೆಯದು. ಆ ಗ್ಯಾಸ್‌ನ ತಯಾರಿ 2010ರ ಹೊತ್ತಿಗೇ ನಮ್ಮ ದೇಶದಲ್ಲಿ ನಿಂತಿದೆ. ಅಂಥದ್ದಕ್ಕೆ ದುಡ್ಡು ಸುರಿಯುವ ಬದಲು ಹೊಸದು ನೋಡುವುದೇ ಲೇಸು ಎಂದು ನನ್ನ ಅಭಿಪ್ರಾಯ.

ಕರೆಂಟಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 400 ವ್ಯಾಟಿನ ಫ್ರಿಜ್ ದಿನಕ್ಕೆ 10 ಗಂಟೆ ಹೆಚ್ಚು ಓಡಿದರೆ 4 ಯೂನಿಟ್, ತಿಂಗಳಿಗೆ 120 ಯೂನಿಟ್. ಯೂನಿಟ್‌ಗೆ 12 ರೂಪಾಯಿ ಎಂದು ಹಿಡಿದರೂ 1,440 ರೂಪಾಯಿ, ಅದೂ ಒಂದೇ ಫ್ರಿಜ್‌ಗೆ.

ನಮ್ಮಲ್ಲಿ ಈಗ ಹದಿನೈದು ದಿನಕ್ಕೊಮ್ಮೆ ಪ್ಲಗ್ ತೆಗೆದು ಜಾಲಿ ಬ್ರಷ್ ಮಾಡುತ್ತಾರೆ. ಹಿಟ್ಟಿನ ಮೇಜು ಆಚೆ ಹೋಗಿದೆ. ಥರ್ಮಾಮೀಟರ್ ಲೋಟದಲ್ಲೇ ಇದೆ. ಬೆಳಿಗ್ಗೆ ಹಾಲು ಇಳಿಸುವ ಹುಡುಗ ಡಿಗ್ರಿ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾನೆ. 5 ದಾಟಿದರೆ ನಾನು ಬರುವ ತನಕ ಕಾಯದೆ ಫೋನ್ ಮಾಡಬೇಕೆಂದು ಹೇಳಿಟ್ಟಿದ್ದೇನೆ.