ಮಿಡಿಮರ ಉಳಿಸಲು ಹೊರಟವರಿಗೆ

ಅಘನಾಶಿನಿ ಹೊಳೆಯ ಬದಿಯಲ್ಲಿ ನಮ್ಮ ಹಿರಿಯರ ಕಾಲದ ಅಪ್ಪೆಮರಗಳಿವೆ, ಉಪ್ಪಿನಕಾಯಿಗೆ ಮಿಡಿ ಕೊಡುವ ಮಾವು. ತೋಪು ಎಂದರೆ ತೋಪು, ಕಾಡು ಎಂದರೆ ಕಾಡು. ಕೆಲವು ನೆಟ್ಟವು, ಉಳಿದವು ತಾವಾಗಿ ಹುಟ್ಟಿದಾಗ ಕಡಿಯದೆ ಬಿಟ್ಟವು. ಬಹುಕಾಲ ಯಾರೂ ಅತ್ತ ತಲೆಹಾಕದೆ ಬಳ್ಳಿ, ಬದನಿಕೆ, ಗೆದ್ದಲು ಸೇರಿಕೊಂಡಿದ್ದ ಜಾಗ. ಅದನ್ನು ಸರಿಮಾಡುವ ಕೆಲಸ ಇನ್ನೂ ಮುಗಿದಿಲ್ಲ. ತಮ್ಮ ಬೆಟ್ಟದಲ್ಲೂ ಇಂಥ ಮರಗಳಿವೆ, ಏನು ಮಾಡಲಿ ಎಂದು ಕೇಳಿಕೊಂಡು ಬರುವವರಿಗೆ ನಾನು ಹೇಳುವುದು ಇಷ್ಟು.

1. ಮೊದಲ ವರ್ಷ ಕತ್ತಿ ಮುಟ್ಟಬೇಡಿ. ಯಾವ ಮರ ಯಾವುದೆಂದು ತಿಳಿಯುವ ಮೊದಲೇ ಸವರಿದರೆ ಒಳ್ಳೆಯದೇ ಹೋಗಿಬಿಡಬಹುದು. ಪ್ರತಿ ಮರಕ್ಕೂ ಅಲ್ಯೂಮಿನಿಯಂ ತಗಡಿನ ನಂಬರು ಕಟ್ಟಿ. ಹೆಸರು ಆಮೇಲೆ. ಅನಂತಭಟ್ಟನ ಅಪ್ಪೆ, ಹಳದೋಟ, ಮಾಳಂಜಿ, ದೊಂಬೆಸರ ಜೀರಿಗೆ ಎಂದು ಊರೂರಿನಲ್ಲಿ ಹೆಸರು ಹೇಳುತ್ತಾರೆ. ಒಂದೇ ಹೆಸರಿನ ಎರಡು ಮರದ ಮಿಡಿ ಬೇರೆಬೇರೆ ಇರುವುದೂ ಉಂಟು, ಒಂದೇ ಮರಕ್ಕೆ ಹೊಳೆಯಾಚೆ ಇನ್ನೊಂದು ಹೆಸರಿರುವುದೂ ಉಂಟು. ಎರಡು ವರ್ಷ ಕಾಯಿ ಬಿಡದ ಮರವನ್ನು ಬಂಜೆ ಎನ್ನಬೇಡಿ, ಅಪ್ಪೆಗೆ ಅದು ಮಾಮೂಲು. ಎಲೆ ಹಿಸುಕಿ ಮೂಸಿ ನೋಡಿ. ಜೀರಿಗೆ ಪರಿಮಳದ ಕೆಲವು ಮರಗಳು ಅಲ್ಲೇ ಗುರುತು ಹೇಳುತ್ತವೆ. ಅದಕ್ಕಿಂತ ಒಳ್ಳೆಯ ದಾರಿ, ಮನೆಯಲ್ಲಿ ಉಪ್ಪಿನಕಾಯಿ ಹಾಕುತ್ತಿದ್ದ ಅಜ್ಜಿಯನ್ನು ಒಮ್ಮೆ ಮರದ ಬುಡಕ್ಕೆ ಕರೆದುಕೊಂಡು ಹೋಗುವುದು. ಮರ ಏರಿದವರು ಗಂಡಸರಾದರೂ ಯಾವ ಮರದ ಮಿಡಿ ಎಷ್ಟು ಮಳೆಗಾಲ ತಾಳಿತು ಎಂಬ ಲೆಕ್ಕ ಹೆಂಗಸರ ಹತ್ತಿರ ಇರುತ್ತದೆ.

2. ಪರೀಕ್ಷೆ ಆಗಬೇಕಾದದ್ದು ಭರಣಿಯಲ್ಲಿ. ಮರ ಎಷ್ಟು ಚೆಂದ, ಗೊಂಚಲು ಎಷ್ಟು ದೊಡ್ಡದು ಎಂಬುದರಿಂದ ಏನೂ ತೀರ್ಮಾನವಾಗದು. ಫೆಬ್ರುವರಿ, ಮಾರ್ಚ್‌ನಲ್ಲಿ ಮಿಡಿ ಬಂದಾಗ ಒಂದೊಂದು ಮರದ್ದನ್ನೂ ಬೇರೆಬೇರೆ ಭರಣಿಗೆ ಹಾಕಿ, ಮರದ ನಂಬರನ್ನೇ ಭರಣಿಗೂ ಅಂಟಿಸಿ, ಪುಸ್ತಕದಲ್ಲೂ ಬರೆದಿಡಿ. ತೊಟ್ಟಿನ ಸಮೇತವೇ ಕೊಯ್ಯಬೇಕು, ಇಲ್ಲವಾದರೆ ಪರಿಮಳ ಹೊತ್ತ ಸೊನೆ ಮರದಡಿಯಲ್ಲೇ ಸೋರಿಹೋಗುತ್ತದೆ. ಒಳ್ಳೆಯ ಅಪ್ಪೆಯ ತೊಟ್ಟು ಮುರಿದರೆ ಸೊನೆ ಪಿಚಕ್ಕನೆ ಚಿಮ್ಮುತ್ತದೆ. ಚರ್ಮಕ್ಕೆ ತಾಗಿದಲ್ಲಿ ಉರಿಯುತ್ತದೆ, ಸಂಜೆಗೆ ಕಪ್ಪು ಕಲೆ ಕೂರುತ್ತದೆ. ನೆಲಕ್ಕೆ ಬಿದ್ದ ಮಿಡಿಯನ್ನು ಸೇರಿಸಬೇಡಿ, ಪೆಟ್ಟಾದ ಒಂದು ಸಾಕು ಇಡೀ ಭರಣಿ ಕೆಡಿಸಲು.

ಉಪ್ಪಿನಲ್ಲಿ ಮಿಡಿ ಚಿರುಟಬೇಕು, ಆದರೆ ಮೆತ್ತಗಾಗಬಾರದು. ಒಂದು ಮಳೆಗಾಲ ಕಳೆದ ಮೇಲೆ ತೆಗೆದು ಕಚ್ಚಿ ನೋಡಿ. ಎರಡನೆಯದು ಕಳೆದ ಮೇಲೆ ಮತ್ತೊಮ್ಮೆ. ಮೊದಲ ವರ್ಷ ಘಮ್ಮೆಂದು ಎರಡನೇ ವರ್ಷ ಬರೀ ಹುಳಿಯಾಗುವ ಮರಗಳಿವೆ. ತಾಜಾ ಇದ್ದಾಗ ಸಾಧಾರಣವೆನಿಸಿ ಭರಣಿಯಲ್ಲಿ ಅರಳುವ ಮರಗಳೂ ಇವೆ. ಈ ಎರಡನೇ ಬಗೆಯವನ್ನೇ ಜನ ತಿಳಿಯದೆ ಕಡಿದುಬಿಡುವುದು. ಉಪ್ಪಿನಕಾಯಿಗೆ ಸಲ್ಲದ್ದನ್ನೆಲ್ಲ ತಳ್ಳಿಹಾಕಬೇಕಾಗಿಲ್ಲ. ಅಪ್ಪೆಹುಳಿ ಎಂಬ ಸಾರಿಗೆ ಹೇಳಿಮಾಡಿಸಿದ ಮರಗಳು ಬೇರೆಯೇ ಇರುತ್ತವೆ.

3. ಗೊರಟು ನೆಟ್ಟು ತಳಿ ಉಳಿಸಿದೆ ಎನ್ನಬೇಡಿ. ಮಾವಿನ ಹೂವಿಗೆ ಯಾವ ಮರದ ಪರಾಗ ಬಂತೋ ನೊಣ ಬಲ್ಲದು. ನೆಕ್ಕರೆಯಂಥ ಕರಾವಳಿಯ ಕೆಲವು ಜಾತಿಗಳಲ್ಲಿ ಒಂದೇ ಗೊರಟಿನಿಂದ ಹಲವು ಸಸಿ ಎದ್ದು, ಅವು ತಾಯಿಯನ್ನೇ ಹೋಲುತ್ತವೆ. ಅಪ್ಪೆಯಲ್ಲಿ ಆ ಭರವಸೆ ಇಟ್ಟುಕೊಳ್ಳಬಾರದು. ಗೊರಟು ಬೇಕಾಗುವುದು ಕಸಿಯ ಬುಡಕ್ಕೆ, ಅದನ್ನೂ ಹಣ್ಣು ತಿಂದ ಕೆಲವೇ ದಿನದಲ್ಲಿ ಮಣ್ಣಿಗೆ ಹಾಕಬೇಕು. ಒಣಗಿಸಿ ಇಟ್ಟರೆ ಮಾವಿನ ಬೀಜಕ್ಕೆ ಜೀವ ಇರುವುದಿಲ್ಲ. ಹಾಗೆಂದು ತಾನಾಗಿ ಎದ್ದ ಸಸಿಯನ್ನು ಕಿತ್ತೆಸೆಯಲೂ ಬೇಡಿ. ಇವತ್ತು ಹೆಸರಾಗಿರುವ ತಳಿಗಳೆಲ್ಲ ಒಂದು ಕಾಲಕ್ಕೆ ಹೀಗೇ ಹುಟ್ಟಿದ ಒಂಟಿಮರಗಳು.

4. ಮುದಿಮರದಲ್ಲಿ ಕಸಿಗೆ ತಕ್ಕ ಕಡ್ಡಿ ಸಿಗುವುದಿಲ್ಲ. ತುದಿಗಳೆಲ್ಲ ಬಡಕಲು. ಹಿಂದಿನ ವರ್ಷವೇ ಬಿಸಿಲು ಬೀಳುವ ಕಡೆಯ ಒಂದು ಕೊಂಬೆ ಕತ್ತರಿಸಿಟ್ಟರೆ ಅಲ್ಲಿ ಪೆನ್ಸಿಲ್ ಗಾತ್ರದ ಹೊಸ ಚಿಗುರು ಬಲಿತಿರುತ್ತದೆ. ಕಸಿಗೆ ವಾರ, ಹತ್ತು ದಿನ ಮುಂಚೆ ಅದರ ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸಿಬಿಡಿ, ಮೊಗ್ಗು ಉಬ್ಬುತ್ತದೆ. ಆಮೇಲೆ ಮೃದುಕಾಂಡ ಕಸಿ: ಬುಡದ ಸಸಿಯನ್ನು ಸೀಳಿ, ಕಡ್ಡಿಯನ್ನು ಬೆಣೆಯಂತೆ ಕೆತ್ತಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಕೊಟ್ಟೆಯ ಟೊಪ್ಪಿ. ಮಳೆಗಾಲದ ತೇವ ಇದಕ್ಕೆ ಅನುಕೂಲ, ಆದರೆ ಜಡಿಮಳೆ ನೇರ ಬೀಳದಂತೆ ಮಾಡು ಇರಲಿ. ಕಡ್ಡಿ ದೂರ ಒಯ್ಯುವುದಿದ್ದರೆ ಒದ್ದೆ ಬಟ್ಟೆ ಸುತ್ತಿ.

5. ಮರ ಸವರುವುದನ್ನು ಮೂರು ವರ್ಷಕ್ಕೆ ಹಂಚಿ. ಒಂದೇ ಸಲ ಬೋಳಿಸಿದರೆ ನೆರಳಲ್ಲೇ ಬೆಳೆದ ತೊಗಟೆ ಬಿಸಿಲಿಗೆ ಸಿಡಿಯುತ್ತದೆ, ಕಾಂಡಕೊರಕ ಅಲ್ಲೇ ಮೊಟ್ಟೆಯಿಡುತ್ತದೆ. ಮಳೆ ಪೂರ್ತಿ ಹಿಂದಾದ ಮೇಲೆ, ಮೊದಲು ಒಣಗಿದ್ದು, ಆಮೇಲೆ ಒಂದಕ್ಕೊಂದು ಉಜ್ಜುವ ಕೊಂಬೆಗಳು. ಗಾಯಕ್ಕೆ ಬೋರ್ಡೋ ಪೇಸ್ಟ್. ಅಡಿಕೆಗೆ ಬೋರ್ಡೋ ಹೊಡೆಯುವವರಿಗೆ ಇದನ್ನು ಕಲಿಸಬೇಕಾಗಿಲ್ಲ: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, ನೀರು ಮಾತ್ರ 100 ಲೀಟರ್ ಬದಲು 10 ಲೀಟರ್. ಬುಡದಲ್ಲಿ ಗರಗಸದ ಹೊಟ್ಟಿನಂಥ ಪುಡಿ ಬಿದ್ದಿದ್ದರೆ ತೂತು ಹುಡುಕಿ, ತಂತಿ ತೂರಿಸಿ ಹುಳ ಎಳೆಯಿರಿ.

6. ಬದನಿಕೆ ಹಣ್ಣಾಗುವ ಮೊದಲೇ ತೆಗೆಯಿರಿ. ಬದನಿಕೆ ಹಕ್ಕಿ ಅಂಟುಬೀಜವನ್ನು ಕೊಂಬೆಯಿಂದ ಕೊಂಬೆಗೆ ಒರೆಸುತ್ತಾ ಹೋಗುತ್ತದೆ. ಬರೀ ಬದನಿಕೆ ಕಿತ್ತರೆ ಮತ್ತೆ ಚಿಗುರುತ್ತದೆ, ಕಚ್ಚಿಕೊಂಡ ಗಂಟಿನ ಕೆಳಗೆ ಕೊಂಬೆಯನ್ನೇ ಕತ್ತರಿಸಬೇಕು.

7. ಕೊಯ್ಲನ್ನು ಗುತ್ತಿಗೆಗೆ ಬಿಟ್ಟರೆ ಮರವನ್ನೂ ಬಿಟ್ಟಂತೆ. ಮಿಡಿಗೆ ಲೆಕ್ಕದ ಮೇಲೆ ದುಡ್ಡು, ಹತ್ತುವವನಿಗೆ ಹೊತ್ತಿನ ಮೇಲೆ ಕಣ್ಣು. ಕೊಂಬೆಯನ್ನೇ ಕಡಿದು ಕೆಳಗೆ ಕೂತು ಬಿಡಿಸುವುದು ಅವನಿಗೆ ಸುಲಭ. ಮಲೆನಾಡಿನ ಹೊಳೆಬದಿಯಲ್ಲಿ ಅಪ್ಪೆ ಹಾಳಾದದ್ದರಲ್ಲಿ ರೋಗಕ್ಕಿಂತ ಈ ಕತ್ತಿಯದೇ ಪಾಲು ಹೆಚ್ಚು ಎಂಬುದು ನನ್ನ ಅಂದಾಜು. ಕೂಲಿ ಹೆಚ್ಚಾದರೂ ಬುಟ್ಟಿ, ಹಗ್ಗ ಇಟ್ಟುಕೊಂಡು ಕೊಯ್ಯುವವರನ್ನೇ ಹುಡುಕಿ. ಅವರು ಸಿಗದ ವರ್ಷ ತುದಿಯ ಮಿಡಿ ಮಂಗನಿಗೆ ಹೋಗಲಿ.

8. ಇರುವುದನ್ನು ಹಂಚಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಊರುಗಳ ಜೊತೆ ಮಿಡಿಮರಗಳೂ ಮುಳುಗಿದವು. ನಮ್ಮ ಹೊಳೆಗೆ ಅಣೆಕಟ್ಟಿಲ್ಲ, ಆದರೆ ಮರ ಉರುಳಲು ಒಂದು ಗಾಳಿಮಳೆ ಸಾಕು. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ, ಅದು ಹೆಸರನ್ನು ಕಾಯುತ್ತದೆ, ನಿಮ್ಮ ಬೆಟ್ಟದ ಮರವನ್ನಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹಲವು ತಳಿಗಳನ್ನು ಸಂಗ್ರಹಿಸಿ ಬೆಳೆಸಿದ್ದಾರೆ, ಅದೊಂದು ಆಸರೆ. 2001ರ ಸಸ್ಯತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ರೈತರೂ ತಳಿ ನೋಂದಾಯಿಸಬಹುದು, ಆಗ ಆ ಭರಣಿಗಳ ನಂಬರು ಪುಸ್ತಕ ಕೆಲಸಕ್ಕೆ ಬರುತ್ತದೆ. ಇದೆಲ್ಲದರ ಜೊತೆಗೆ ಪ್ರತಿ ತಳಿಯ ಕಸಿಗಿಡ ಕನಿಷ್ಠ ಮೂರು ಮನೆಯಲ್ಲಿರಲಿ, ಒಂದು ಮನೆ ಘಟ್ಟದ ಕೆಳಗಿದ್ದರೆ ಇನ್ನೂ ಒಳ್ಳೆಯದು. ನಾನು ಕಡ್ಡಿಗೆ ದುಡ್ಡು ಕೇಳುವುದಿಲ್ಲ. ಕಸಿ ಹಿಡಿದು ಮರವಾದ ಮೇಲೆ ನಾನು ಕೇಳಿದಾಗ ಅದೇ ನಂಬರಿನ ಎರಡು ಕಡ್ಡಿ ವಾಪಸ್ ಕೊಡಬೇಕು, ಅಷ್ಟೇ ಕರಾರು.